ನೀರಡಿಯ ಎರಡು ಬೇವು

ಅಣೆಕಟ್ಟಿನ ನೀರು ಇಳಿದು ಹಳೇ ಆವಳವಾಡಿಯ ಗುಡಿ ತಲೆ ಎತ್ತಿತೆಂದರೆ ಗೇನಬಾ ಬಂಡಗರನ ಗತ್ತು ನೋಡಬೇಕಿತ್ತು. ತಲೆಗೆ ಒಗೆದು ಗಂಜಿ ಹಾಕಿದ ಪಟಕಾ, ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಎಣ್ಣೆ ಕುಡಿದು ಕೆಂಪಾದ ಬಿದಿರಿನ ಕೋಲು. ಊರು ಮುಳುಗಿದಾಗ ಪುಣೆಗೋ ಸೊಲ್ಲಾಪುರಕ್ಕೋ ಹೋಗಿ ನೆಲೆಸಿದವರು ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಬರುತ್ತಿದ್ದರು. ಕೆಸರು ಮೆತ್ತಿದ ಚಪ್ಪಲಿ ಕೈಯಲ್ಲಿ ಹಿಡಿದು, "ಆಬಾ, ನಮ್ಮ ಮನಿ ಎಲ್ಲಿತ್ರೀ?" ಎಂದು ಕೇಳುತ್ತಿದ್ದರು. ಗೇನಬಾ ಕೂಡಲೇ ಹೇಳುತ್ತಿರಲಿಲ್ಲ. ತಂಬಾಕು ತಿಕ್ಕಿ, ಬಾಯಿಗೆ ಹಾಕಿಕೊಂಡು, ಆಮೇಲೆ ಕೋಲು ಚಾಚುತ್ತಿದ್ದ.

"ಅಕೋ, ಆ ಬೇವಿನ ಮೋಟು ಕಾಣ್ತದಲ್ಲ? ಅದರಿಂದ ಎಡಕ್ಕ ಹೊಳ್ಳು. ಮೂರನೇ ಹೊಸ್ತಿಲು ನಿಮ್ಮಜ್ಜಂದು. ನಿಮ್ಮಜ್ಜಿ ಅದರ ಮ್ಯಾಲ ಕುಂತು ಹಾದು ಹೋಗೋರನ್ನೆಲ್ಲಾ ಬೈತಿದ್ಲು. ಏನ್ ಬಾಯಿ, ಏನ್ ಬಾಯಿ!"

ಬಂದವರು ನಗುತ್ತಿದ್ದರು, ಅಳುತ್ತಿದ್ದರು, ಆ ಕಲ್ಲಿಗೆ ಹಣೆ ಹಚ್ಚುತ್ತಿದ್ದರು. ಹೋಗುವಾಗ ಗೇನಬಾನ ಕಾಲಿಗೂ ಬೀಳುತ್ತಿದ್ದರು. ಊರೇ ಇಲ್ಲದ ಊರಿಗೆ ಅವನೊಬ್ಬನೇ ಗೌಡನಂತಿದ್ದ.

ಊರು ಬಿಡುವಾಗ ಜನ ಮನೆಯ ಕಲ್ಲು, ಕಂಬ, ಬಾಗಿಲ ಚೌಕಟ್ಟು ಎಲ್ಲ ಕಿತ್ತು ಬಂಡಿಗೆ ಹೇರಿದ್ದರು. ಮಣ್ಣಿನ ಗೋಡೆಗಳನ್ನು ನೀರು ಕರಗಿಸಿತು. ಉಳಿದದ್ದು ಎತ್ತಲಾಗದ ಹೊಸ್ತಿಲುಗಳು, ಕಡಿದ ಮರಗಳ ಮೋಟು, ಮತ್ತು ದಿಬ್ಬದ ಮೇಲಿನ ಗುಡಿ. ಆಗ ಗೇನಬಾನಿಗೆ ಮೀಸೆ ಮೂಡುವ ವಯಸ್ಸು. ಕುರಿ ಹೊಡೆದುಕೊಂಡು ಊರಿನ ಸಂದಿ ಸಂದಿ ತಿರುಗಿದವನು. ಅವನಿಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತಿರಬೇಕು?

ಕಾಲುವೆಯ ತೂಬಿಗೆ ನೀರು ಎಟುಕುವ ಕೊನೆಯ ಮಟ್ಟಕ್ಕೆ ಆ ಕಡೆಯವರು ಸೊನ್ನೆ ಅನ್ನುತ್ತಾರೆ. ಅದರ ಮೇಲಿರುವುದು ಪ್ಲಸ್. ಅದು ಕೆಳಗಿನ ಕಬ್ಬಿಗೆ, ಸಕ್ಕರೆ ಕಾರ್ಖಾನೆಗೆ, ಪಟ್ಟಣದ ನಲ್ಲಿಗೆ. ಸೊನ್ನೆಯ ಕೆಳಗೆ ಮೈನಸ್. ಆಗ ಕಾಲುವೆ ಒಣಗುತ್ತದೆ. ಉಳಿದ ನೀರಿಗೆ ಭೋಯಿಗಳ ಬಲೆ, ಪಟ್ಟಣದವರ ಕುಡಿಯುವ ಕೊಡ, ದಂಡೆಯ ರೈತರ ಪಂಪು ಎಲ್ಲ ಮುತ್ತಿಕೊಳ್ಳುತ್ತವೆ. ಬೇರೆಯವರು ಪೇಪರಿನಲ್ಲಿ ಶೇಕಡಾ ಎಷ್ಟು ಅಂತ ನೋಡಿದರೆ ಆವಳವಾಡಿಯವರು ಗುಡಿ ನೋಡುತ್ತಿದ್ದರು. ಕಳಸ ಕಂಡರೆ ಅರ್ಧ. ನಂದಿಯ ಬೆನ್ನು ಒಣಗಿದರೆ ಕಾಲು. ಗುಡಿಯ ಬಾಗಿಲು ತೆರೆದರೆ ಸೊನ್ನೆ.

ಆ ಬಾಗಿಲು ತೆರೆದ ದಿನ ಪ್ರತಿ ಮನೆತನವೂ ತನ್ನ ಹಳೇ ಹೊಸ್ತಿಲ ಮೇಲೆ ಒಂದು ದೀಪ ಹಚ್ಚಬೇಕು. ಆ ಹೊಸ್ತಿಲ ಹಿತ್ತಲಿನಿಂದ ಕೆಳಗಿನ ಮನೆಯವರ ಪಾಲಿನ ತನಕ, ಇಲ್ಲವೇ ನೀರಿನ ಅಂಚಿನವರೆಗೆ ಇಳಿಜಾರಿನಲ್ಲಿ ಎಷ್ಟು ಹೂಳು ಬಿದ್ದಿದೆಯೋ ಅಷ್ಟನ್ನು ಆ ಬೇಸಿಗೆಗೆ ಆ ಮನೆತನ ಬಿತ್ತಿಕೊಳ್ಳಬೇಕು. ಹಿರಿಯರು ಕೂತು ಮಾಡಿದ ಕಟ್ಟಳೆ ಅದು. ದೀಪ ಎಲ್ಲಿ ಹಚ್ಚುತ್ತೀಯೋ ಅಲ್ಲಿ ನೇಗಿಲು ಹೂಡು. ಅದಕ್ಕೇ ಹೊಸ್ತಿಲು ಯಾರದ್ದು ಅನ್ನುವುದು ಬರೀ ಕಣ್ಣೀರಿನ ಮಾತಾಗಿರಲಿಲ್ಲ, ರೊಟ್ಟಿಯ ಮಾತೂ ಆಗಿತ್ತು.

ದೀಪದ ಹಣತೆಗಳನ್ನು ಮಾಡಿಕೊಡುತ್ತಿದ್ದವಳು ತಾನುಬಾಯಿ ಕುಂಬಾರ. ಬಾಲವಿಧವೆ ಅಲ್ಲದಿದ್ದರೂ ಹರೆಯದಲ್ಲೇ ಗಂಡನನ್ನು ಕಳೆದುಕೊಂಡು ತಿಗರಿ ತಿರುಗಿಸಿ ಮಕ್ಕಳನ್ನು ಸಾಕಿದವಳು. ಗೇನಬಾನಿಗಿಂತ ಹಿರಿಯಳು. ಊರು ಮುಳುಗಿ ಕೆಲವು ವರ್ಷದ ಮೇಲೆ ಮೊದಲ ಸಲ ನೀರು ಅಷ್ಟು ಇಳಿದಾಗ, ಕೆಸರಿನಲ್ಲಿ ಒಂದೇ ಒಂದು ಬೇವಿನ ಮೋಟು ಎದ್ದು ನಿಂತಿತ್ತು. ಗೇನಬಾ ಓಡಿ ಹೋಗಿ ಅದನ್ನು ತಬ್ಬಿಕೊಂಡು, "ನಮ್ಮಪ್ಪನ ಬೇವು! ಇದರ ಮುಂದಿನ ಹೊಸ್ತಿಲು ನಮ್ದು!" ಎಂದು ಕೂಗಿದ್ದ.

ತಾನುಬಾಯಿ ಹಿಂದಿನಿಂದ ಮೆಲ್ಲಗೆ ಅಂದಳು: "ಗೇನಬಾ, ಊರಾಗ ಎರಡು ಬೇವು ಇದ್ವಲ್ಲೋ. ಇದು ಮ್ಯಾಲಿನ ಓಣಿದು, ನಮ್ದು. ನಿಮ್ದು ಕೆಳಗಿನ ಓಣ್ಯಾಗ, ಇನ್ನೂ ನೀರಾಗ ಐತಿ."

ಗೇನಬಾ ತಿರುಗಿ ನೋಡಿ, ಊರವರ ಕಡೆ ಕಣ್ಣು ಮಿಟುಕಿಸಿದ. "ತಾನಕ್ಕಾ, ನಿನಗ ಗಡಿಗಿ ಬಾಯಿ ಯಾವುದು ಬುಡ ಯಾವುದು ಗೊತ್ತು. ಊರಿನ ಬಾಯಿ ಬುಡ ನಮಗ ಬಿಡು!"

ಜನ ಹೊಟ್ಟೆ ಹಿಡಿದು ನಕ್ಕರು. ಆ ನಗೆಯಲ್ಲೇ ತೀರ್ಮಾನವಾಯಿತು. ತಾನುಬಾಯಿಗೆ ಕೆಳಗಿನ ಓಣಿ ಬಂತು. ಅಲ್ಲಿ ಗರಸು, ಕಲ್ಲು. ಅದರ ಮೇಲಂಚನ್ನಷ್ಟೇ ನೀರು ತಡವಾಗಿ ಬಿಡುತ್ತಿತ್ತು, ಮುಂಗಾರು ಹಿಡಿಯುತ್ತಲೇ ಎಲ್ಲಕ್ಕಿಂತ ಮೊದಲು ಮತ್ತೆ ನುಂಗುತ್ತಿತ್ತು. ಅವಳು ಹಾಕಿದ ಕಲ್ಲಂಗಡಿ ಒಂದು ವರ್ಷವೂ ಕೆಂಪಾಗಲಿಲ್ಲ. ಮಕ್ಕಳು ಇಟ್ಟಿಗೆ ಭಟ್ಟಿಗಳಿಗೆ ಹೋದರು. ಅವಳು ಹೊಸ ಆವಳವಾಡಿಯ ತಗಡಿನ ಮನೆಯಲ್ಲಿ ಒಬ್ಬಳೇ ಉಳಿದು ಗಡಿಗೆ ಮಾಡಿದಳು. ಬೇವಿನ ಮಾತನ್ನು ಮತ್ತೆ ಎತ್ತಲಿಲ್ಲ. ಪ್ರತಿ ಬೇಸಿಗೆ ಎಲ್ಲರ ಮನೆಗೂ ಹಣತೆ ಕಳಿಸಿದಳು, ಗೇನಬಾನ ಮನೆಗೂ.

ಇನ್ನು ಗೇನಬಾನ ಹೂಳು ಹೊಲ! ಮಣ್ಣು ಕೈಯಲ್ಲಿ ಹಿಡಿದರೆ ಬೆಣ್ಣೆ. ಅವನ ಹಣ್ಣಿನ ಬಣ್ಣ ಸಂತೆಗೆಲ್ಲ ಹೆಸರಾಗಿತ್ತು. "ಅಪ್ಪನ ಪುಣ್ಯ," ಎನ್ನುತ್ತಿದ್ದ. ಆದರೆ ನೇಗಿಲು ಆಳಕ್ಕೆ ಇಳಿದಾಗಲೆಲ್ಲ ಬೂದಿ ಬರುತ್ತಿತ್ತು. ಬೂದಿಯ ಜೊತೆಗೆ ಸುಟ್ಟ ಬೋಕಿ ಚೂರು, ಕರಕಲಾದ ಗಡಿಗೆಯ ಅಂಚು, ಸೊಟ್ಟಗೆ ಬೆಂದು ಬಿಸಾಕಿದ ಹಣತೆ. ಕುರುಬರ ಮನೆಯ ಹಿತ್ತಲಲ್ಲಿ ಇಷ್ಟು ಬೋಕಿ ಯಾಕೆ ಅನ್ನುವ ಪ್ರಶ್ನೆ ಅವನಿಗೆ ಬರಲಿಲ್ಲ ಅಂತಲ್ಲ. ಬಂತು. 'ಯಾರ ಮನ್ಯಾಗ ಗಡಿಗಿ ಒಡಿಯೂದಿಲ್ಲ' ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡು, ಆಳುಗಳು ಬರುವ ಮೊದಲೇ ಅವನ್ನೆಲ್ಲ ಬುಟ್ಟಿಗೆ ತುಂಬಿ ನೀರಿಗೆ ಎಸೆಯುತ್ತಿದ್ದ. ನಂಬಿಕೆ ಗಟ್ಟಿ ಇದ್ದವನಿಗೆ ಎಸೆಯುವ ಅವಸರ ಯಾಕೆ? ಅದನ್ನು ಮಾತ್ರ ಅವನು ಕೇಳಿಕೊಳ್ಳಲಿಲ್ಲ.

ಹೀಗೆ ತಲೆ ನರೆಯಿತು. ಆಮೇಲೆ ಬಂತು ನೋಡಿ ಆ ಬರದ ವರ್ಷ. ಅಣೆಕಟ್ಟು ಸೊನ್ನೆ ದಾಟಿ, ಮೈನಸ್ಸಿನಲ್ಲೂ ಅರ್ಧ ಇಳಿಯಿತು. ನೀರು ದಿನಾ ಹಿಂದೆ ಸರಿಯುತ್ತಿತ್ತು, ರೈತರು ಪಂಪು ಪೈಪು ಹೊತ್ತು ಅದರ ಬೆನ್ನು ಹತ್ತಿದ್ದರು. ಕುಡಿಯುವ ನೀರು ಉಳಿಯಲಿ ಅಂತ ದಂಡೆಯ ಕರೆಂಟು ಕಡಿದರು. ಕೊಟ್ಟ ಎರಡು ತಾಸಿನಲ್ಲಿ ಹಣ್ಣಿಗೆ ನೀರು ಕುಡಿಸಬೇಕು. ಗೇನಬಾನ ಪಂಪಿನಿಂದ ನೀರು ದೂರ ಹೋಗಿತ್ತು. ಅವನೂ ಹೆಂಡತಿ ಹೌಸಾಳೂ ಕೆಳಗಿನ ಓಣಿಯ ಗರಸಿನಲ್ಲಿ ನೀರಿನ ತನಕ ಕಾಲುವೆ ತೋಡಲು ಇಳಿದರು. ಅದು ತಾನುಬಾಯಿಯ ಪಾಲಿನ ಜಾಗ, ಬಿತ್ತದೆ ಬಿಟ್ಟಿದ್ದಳು. ಕೇಳುವವರು ಯಾರು?

ಹಾರೆ ಖಣ್ ಎಂದಿತು. ಕಲ್ಲು ಅಂದುಕೊಂಡು ಬಗಲಿಗೆ ಕೆದರಿದರು. ಕಲ್ಲು ಮುಗಿಯಲೇ ಇಲ್ಲ. ಕೆದರುತ್ತ ಹೋದಂತೆ ಒಂದು ಅಂಚು, ಆಮೇಲೆ ಒಳಗೆ ತಗ್ಗು. ಒಂದೇ ಕರಿಕಲ್ಲಿನಲ್ಲಿ ಕೊರೆದ ದೋಣಿ. ಕುರಿಗಳಿಗೆ ನೀರು ಕುಡಿಸುವ ಕಲ್ಲುದೋಣಿ.

ಗೇನಬಾ ಕೈಯಿಂದ ಅದರ ಮೂಲೆ ಸವರಿದ. ಮೂಲೆ ಒಡೆದಿತ್ತು. ಹುಡುಗನಿದ್ದಾಗ ಟಗರು ಕಾದಾಟಕ್ಕೆ ಬಿಟ್ಟು ಅವನೇ ಒಡೆಸಿದ್ದ ಮೂಲೆ. ಅದಕ್ಕಾಗಿ ಅಪ್ಪನಿಂದ ತಿಂದ ಏಟು ಇನ್ನೂ ಬೆನ್ನಿಗೆ ನೆನಪಿತ್ತು. ಊರು ಬಿಡುವಾಗ ಎತ್ತಲಾಗದೆ ಹಿತ್ತಲಲ್ಲೇ ಬಿಟ್ಟು ಬಂದಿದ್ದರು. ತಲೆ ಎತ್ತಿ ನೋಡಿದ. ನಾಲ್ಕು ಮಾರು ಆಚೆ, ಈಗಷ್ಟೇ ನೀರು ಬಿಟ್ಟ ಕೆಸರಿನಲ್ಲಿ, ಎರಡನೇ ಬೇವಿನ ಮೋಟು ನಿಂತಿತ್ತು.

ಹೌಸಾ ಸೆರಗಿನಿಂದ ಬೆವರು ಒರೆಸಿಕೊಂಡು ಆ ಮೋಟನ್ನೂ, ದೋಣಿಯನ್ನೂ, ಮೇಲಿನ ಹಸಿರು ಹೊಲವನ್ನೂ ನೋಡಿದಳು. ಅವಳು ಬೇರೆ ಊರಿನಿಂದ ಬಂದವಳು, ಆದರೂ ತಿಳಿಯದವಳಲ್ಲ.

"ಹಂಗಾದ್ರ ಮ್ಯಾಲಿಂದು ಯಾರ ಮನಿ?" ಅಂದಳು.

ಗೇನಬಾ ಹಾರೆಗೆ ಮೆತ್ತಿದ ಮಣ್ಣು ಕೆರೆಯತೊಡಗಿದ.

"ನಾ ಬಂದಾಗಿಂದ ಆ ಹೊಸ್ತಿಲಕ್ಕ ಅರಿಶಿನ ಹಚ್ಚೀನಿ. ಅತ್ತಿ ದಾಟಿದ ಹೊಸ್ತಿಲು ಅಂತ ಹೇಳಿ ಹಚ್ಚಿಸಿದ್ರಿ. ಇವತ್ತ ಹೋಗಿ ಆ ಕುಂಬಾರ ಮುದುಕಿಗೆ ಹೇಳ್ರಿ."

"ಹಣ್ಣು ಇಳೀಲಿ, ಹೇಳ್ತೀನಿ."

"ಹಣ್ಣು ಯಾರ್ದು?"

"ನೀ ಸುಮ್ಮನಿರು!"

ಅವನು ಹಾರೆ ಎತ್ತಿ, ತೋಡಿದ ಮಣ್ಣನ್ನೆಲ್ಲ ಮತ್ತೆ ದೋಣಿಯ ಮೇಲೆ ಎಳೆದ. ಅಪ್ಪನ ಹೆಣ ಮುಚ್ಚುವಾಗಲೂ ಅಷ್ಟು ಅವಸರದಿಂದ ಮಣ್ಣು ಎಳೆದಿರಲಿಲ್ಲ. ಹೌಸಾ ಬುಟ್ಟಿ ಅಲ್ಲೇ ಒಗೆದು ದಂಡೆ ಹತ್ತಿದಳು. ಸಂಜೆ ಮನೆಯಲ್ಲಿ ರೊಟ್ಟಿ ಬಡಿದು ಮುಂದಿಟ್ಟಳು, ಮಾತು ಬಡಿಸಲಿಲ್ಲ.

ಎರಡು ದಿನದ ಮೇಲೆ ತಾನುಬಾಯಿಯೇ ಕೋಲೂರಿಕೊಂಡು ದಂಡೆಗೆ ಬಂದಳು. ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆ ಮಾತ್ರ ಗೊತ್ತಾಗುತ್ತಿತ್ತು. ದನಿ ಹಿಡಿದು ಗೇನಬಾನ ಹತ್ತಿರ ನಿಂತಳು.

"ನೀರು ಹಿಂದೆಂದೂ ಇಳಿಯದಷ್ಟು ಇಳದೈತಂತಲ್ಲೋ. ಎರಡನೇ ಬೇವು ಕಾಣ್ತದೇನು?"

ಕೆಳಗೆ, ಎಲ್ಲರಿಗೂ ಕಾಣುವ ಹಾಗೆ ಆ ಮೋಟು ನಿಂತಿತ್ತು. ಯಾರೂ ಅದನ್ನು ಬೇವು ಅಂತ ಗುರುತಿಸಿರಲಿಲ್ಲ, ಗುರುತಿಸಬೇಕಾದವನೇ ಸುಮ್ಮನಿದ್ದನಲ್ಲ.

"ಅಲ್ಲೆಲ್ಲಾ ಕೆಸರು ತಾನಕ್ಕಾ. ಸೊಂಟದ ಮಟ ಹೂತು ಹೋಗ್ತೀ."

"ಒಂದು ಸಲ ಹೊಸ್ತಿಲ ಮ್ಯಾಲ ಕುಂದ್ರಬೇಕು ಅಂತ ಆಸಿ ನೋಡು. ಕಣ್ಣಿಗೆ ಕಾಣದಿದ್ರೂ ಕುಂಡಿಗೆ ಗೊತ್ತಾಕ್ಕೈತಿ, ಅದು ನಂದೋ ಅಲ್ಲೋ ಅಂತ." ಅವಳು ಬೊಚ್ಚು ಬಾಯಲ್ಲಿ ನಕ್ಕಳು.

"ಮುಂದಿನ ವಾರ ಕೆಸರು ಆರಲಿ. ನಾನ ಕರಕೊಂಡು ಹೋಗ್ತೀನಿ."

"ಆಣೆ?"

"ಆಣೆ."

ಹಾಗಂದು ಹಣ್ಣು ಇಳಿಸಿದ. ಟೆಂಪೋ ತುಂಬಿ ಕಳಿಸಿದ. ತೂಗುವಾಗ ವ್ಯಾಪಾರಿ, "ಆಬಾ, ಈ ವರ್ಷದ್ದು ಸಕ್ಕರಿ ಪಾಕ!" ಎಂದಾಗ ಅವನ ಬಾಯಲ್ಲಿ 'ಅಪ್ಪನ ಪುಣ್ಯ' ಬರಲಿಲ್ಲ. ಕೊನೆಯ ಬಳ್ಳಿ ಕಿತ್ತ ದಿನ ಮೇಲಿನ ಘಟ್ಟದಲ್ಲಿ ಮಳೆ ಹಿಡಿಯಿತು. ಮೇಲಿನ ಅಣೆಕಟ್ಟುಗಳು ತುಂಬಿ ನೀರು ಬಿಟ್ಟವು. ಇಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಕೆಂಪಾಗಿ ಬಂತು. ಬೆಳಿಗ್ಗೆ ನೋಡಿದರೆ ಎರಡನೇ ಬೇವು ಇಲ್ಲ, ಸಂಜೆ ನೋಡಿದರೆ ಮೊದಲನೇದೂ ಇಲ್ಲ.

ತಾನುಬಾಯಿಗೆ ಹೇಳಿಕಳಿಸಿದ: ನೀರು ಬಂತು, ಈ ಸಲ ಆಗಲಿಲ್ಲ ಅಂತ. ತಾನೇ ಹೋಗಲಿಲ್ಲ. ಅವಳ ಮನೆಯ ಓಣಿ ತಪ್ಪಿಸಿ, ಸುತ್ತು ಹಾಕಿ ಹಾಲಿನ ಡೇರಿಗೆ ಹೋಗಲು ಶುರು ಮಾಡಿದ. ಕುರುಡಿಗೆ ಕಾಣದ ಹಾಗೆ ತಿರುಗುವುದು! ಅದು ಅವನಿಗೂ ತಿಳಿಯುತ್ತಿತ್ತು. ತಿಳಿದೂ ಸುತ್ತು ಹಾಕುತ್ತಿದ್ದ.

ಶ್ರಾವಣ ಮುಗಿಯುವಷ್ಟರಲ್ಲಿ ಅಣೆಕಟ್ಟು ತುಂಬಿತು. ಬರದ ಬೆನ್ನಿಗೇ ತುಂಬಿದ್ದರಿಂದ ಜನರಿಗೆ ಹಿಗ್ಗೋ ಹಿಗ್ಗು. ಹೊಸ ಆವಳವಾಡಿಯವರು ದಂಡೆಯಲ್ಲಿ ನೀರಿಗೆ ಉಡಿ ತುಂಬುವ ಪೂಜೆ ಇಟ್ಟುಕೊಂಡರು. ತಾಲೂಕಿನಿಂದ ಒಬ್ಬ ದೊಡ್ಡ ಸಾಹೇಬರು ಬಂದರು. ಹೆಂಗಸರು ಹಸಿರು ಖಣ, ಕಾಯಿ, ಅಕ್ಕಿ ತಂದರು. ತಾನುಬಾಯಿ ಹಣತೆಯ ಬುಟ್ಟಿ ಮುಂದಿಟ್ಟುಕೊಂಡು ಗೋಣಿತಾಟಿನ ಮೇಲೆ ಕೂತಿದ್ದಳು. ಸಾಹೇಬರು ಎಷ್ಟು ಎಕರೆ ಹಸಿರಾಗುತ್ತದೆ, ಎಷ್ಟು ಊರಿಗೆ ಕುಡಿಯುವ ನೀರಾಗುತ್ತದೆ ಅಂತ ಭಾಷಣ ಮಾಡಿ ಮುಗಿಸಿದರು. ಕ್ಷೌರದ ಅಂಗಡಿಯ ಶಿರ್ಪತಿ, ಊರಿನ ಬಾಯಿಬಡುಕ, ಮುಂದೆ ಬಂದು ಗೇನಬಾನ ರಟ್ಟೆ ಹಿಡಿದ.

"ಸಾಹೇಬ್ರ, ಇವರು ನಮ್ಮ ಆಬಾ. ಮುಳುಗಿದ ಊರು ಇವರ ತಲ್ಯಾಗ ಐತಿ. ಆಬಾ, ತೋರಸ್ರೀ, ನಮ್ಮ ಊರು ಎಲ್ಲಿ ಮಲಗೇತಿ ಅಂತ."

ಗೇನಬಾ ರೂಢಿಯಂತೆ ಕೋಲು ಎತ್ತಿದ. ಎಲ್ಲಿ ನೋಡಿದರೂ ನೀರು, ಸಪಾಟು ನೀರು. ಕೋಲು ಗಾಳಿಯಲ್ಲಿ ನಿಂತಿತು. ಜನ ಕಾದರು.

"ಏನಾತ್ರೀ ಆಬಾ, ಊರು ಈಜಿಕೋತ ಹೋಯ್ತೇನು?" ಯಾರೋ ಹಿಂದಿನಿಂದ ಅಂದರು. ನಗೆ ಎದ್ದಿತು.

ಅದೇ ನಗೆ. ಅವನಿಗೆ ಆ ನಗೆಯ ಗುರುತು ಸಿಕ್ಕಿತು. ಕೋಲು ಇಳಿಸಿದ.

"ನಾ ತೋರಿಸಿದ್ದೆಲ್ಲಾ ತಪ್ಪು," ಅಂದ. ಕೆಮ್ಮಿ ಮತ್ತೆ ಅಂದ: "ಆ ಬೇವು ನಮ್ಮಪ್ಪಂದಲ್ಲ. ತಾನಕ್ಕಂದು. ನಮ್ಮ ಬೇವು ಕೆಳಗಿತ್ತು. ಈ ಬ್ಯಾಸಗ್ಯಾಗ ಕಂಡೆ. ನಮ್ಮ ಕಲ್ಲುದೋಣಿನೂ ಕಂಡೆ. ಕಂಡು, ಮಣ್ಣು ಮುಚ್ಚಿದೆ. ಆಕಿ ಹೊಲ ನಾ ಉಂಡೀನಿ."

ಮೊದಲು ಶಿರ್ಪತಿಗೆ ತಲೆಯಲ್ಲಿ ದೀಪ ಹತ್ತಿತು.

"ತಡೀರಿ, ತಡೀರಿ. ಆ ಬೇವಿನಿಂದ ಎಣಿಸಿಯೇ ನನ್ನ ಹೊಸ್ತಿಲು ಹೇಳಿದ್ರೆಲ್ಲಾ? ಅಂದ್ರ ನಾ ಇಷ್ಟು ವರ್ಷ ಯಾರ ಹೊಸ್ತಿಲಕ್ಕ ಹಣಿ ಹಚ್ಚಿದೆ?"

"ಆ ಲೆಕ್ಕದಾಗ ಅಲ್ಲಿ ನಮ್ಮ ಎಮ್ಮಿ ಕೊಟ್ಟಿಗಿ ಬರ್ತದ ನೋಡು!" ಎಂದಳೊಬ್ಬಳು.

ಸಾಹೇಬರಿಗೆ ಇದೊಂದು ಹಳ್ಳಿಯ ಚೇಷ್ಟೆ ಅನ್ನಿಸಿರಬೇಕು. ನಕ್ಕು ಕಾಯಿ ಒಡೆದು ಕಾರು ಹತ್ತಿದರು. ಆದರೆ ಊರವರು ನಗುವುದನ್ನು ನಿಲ್ಲಿಸಿದ್ದರು. ಅಪ್ಪನ ಹೊಸ್ತಿಲ ಮಣ್ಣು ಅಂತ ಆ ಕಲ್ಲಿನ ಬುಡದಿಂದ ಒಯ್ದು ಪುಣೆಯ ದೇವರ ಕೋಣೆಯಲ್ಲಿ ಇಟ್ಟುಕೊಂಡವರಿದ್ದರು. ಒಬ್ಬೊಬ್ಬರೇ ಗೇನಬಾನನ್ನು ನೋಡಿ, ಮಾತಾಡದೆ, ಪಕ್ಕದಿಂದ ಹಾದು ಹೋದರು. ಬೈದಿದ್ದರೆ ಹಗುರಾಗುತ್ತಿತ್ತು. ಯಾರೂ ಆ ಉಪಕಾರ ಮಾಡಲಿಲ್ಲ.

ದಂಡೆ ಬರಿದಾದ ಮೇಲೆ ಅವನು ತಾನುಬಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ.

"ತಾನಕ್ಕಾ, ಬೈ."

"ಬೈಯೂದಿದ್ರ ಅವತ್ತ ಬೈತಿದ್ದೆ. ನೀವೆಲ್ಲಾ ನಕ್ಕಾಗ ಮುಚ್ಚಿದ ಬಾಯಿ, ಈಗ ತಗದ್ರ ಹಲ್ಲಿಲ್ಲ."

"ಗೊತ್ತಿದ್ದೂ ವರ್ಷಾ ವರ್ಷಾ ನನಗ ಹಣತಿ ಕೊಟ್ಟೆಲ್ಲಾ?"

"ನಿನಗ ಕೊಟ್ಟೆ ಅಂದ್ಕೊಂಡೀ?" ಅವಳು ಅವನ ದನಿಯ ಕಡೆ ಮುಖ ಎತ್ತಿದಳು. "ನನ್ನ ಹೊಸ್ತಿಲಕ್ಕ ಕಳಸ್ತಿದ್ದೆ. ನೀ ಹೊತಗೊಂಡು ಹೋಗ್ತಿದ್ದಿ."

ಗೇನಬಾನ ಪಟಕಾ ಬಾಗಿತು. ಅವನ ಆಯುಷ್ಯದ ಗತ್ತನ್ನೆಲ್ಲ ಆ ಮುದುಕಿ ಒಂದು ಮಾತಿನಲ್ಲಿ ಕೂಲಿಯಾಳಿನ ಕೆಲಸಕ್ಕೆ ಇಳಿಸಿದ್ದಳು. ಅದರಲ್ಲಿ ಸಿಟ್ಟೂ ಇರಲಿಲ್ಲ.

"ಮುಕಿಂದಾ ಭೋಯಿ ಅದಾನೇನು ನೋಡು. ಒಂದು ಸಲ ನೀರಿನ ಮ್ಯಾಲಿಂದರ ಹೋಗಿ ಬರೋಣು," ಅಂದಳು.

ಮೀನು ಹಿಡಿಯುವ ಮುಕಿಂದಾ ತನ್ನ ದೋಣಿ ತಂದ. ಇಬ್ಬರೂ ಸೇರಿ ಅವಳನ್ನು ಎತ್ತಿ ಕೂರಿಸಿದರು. ಹಕ್ಕಿಯಷ್ಟು ಹಗುರವಿದ್ದಳು. ಮಡಿಲಲ್ಲಿ ಒಂದು ಹಣತೆ. ದೋಣಿ ನಡುನೀರಿಗೆ ಬಂತು.

"ಆಬಾ, ಎಲ್ಲಿ ನಿಲ್ಲಸ್ಲಿ?" ಮುಕಿಂದಾ ಕೇಳಿದ.

ಗೇನಬಾ ಗುಡ್ಡ ನೋಡಿದ, ನೀರಿನ ಟಾಕಿ ನೋಡಿದ, ತುಂಬಿದ ನೀರು ನೋಡಿದ. ಹಿಂದಾದರೆ ಕೋಲು ಚಾಚಿ ಇಲ್ಲೇ ಅನ್ನುತ್ತಿದ್ದ, ಮುಕಿಂದಾ ನಿಲ್ಲಿಸುತ್ತಿದ್ದ, ಮುದುಕಿ ಕೈ ಮುಗಿಯುತ್ತಿದ್ದಳು.

"ನನಗ ಗೊತ್ತಿಲ್ಲ," ಅಂದ.

ಜೀವಮಾನದಲ್ಲಿ ಮೊದಲ ಸಲ ಅಂದ ಮಾತು. ಮುಕಿಂದಾ ಹುಟ್ಟು ಎತ್ತಿ ಹಿಡಿದ. ದೋಣಿ ತಾನೇ ತಿರುಗಿತು. ತಾನುಬಾಯಿ ಬಗ್ಗಿ ಕೈಯನ್ನು ಮೊಣಕೈವರೆಗೆ ನೀರಿನಲ್ಲಿ ಇಳಿಸಿದಳು. ಮುಕಿಂದಾ ಕಡ್ಡಿಪೆಟ್ಟಿಗೆ ತೆಗೆದ.

"ಹಚ್ಚಬ್ಯಾಡ," ಅಂದಳು. "ನೀರಿಗೆ ಬಿಡಾಕ ಇದೇನು ಹೊಳಿ ದೀಪ ಅಲ್ಲ. ಹೊಸ್ತಿಲದ್ದು. ಗೇನಬಾ, ಇದನ್ನ ನೀ ಇಟಗೊ. ನೀರು ಇಳಿದಾಗ ಕರಕೊಂಡು ಹೋಗು. ಈ ಸಲ ಆಣೆ ಬ್ಯಾಡ."

ಹಣತೆಯನ್ನು ಅವನು ಮನೆಯ ಗೂಡಿನಲ್ಲಿ ಇಟ್ಟ. ಆಮೇಲೆ ಎರಡು ಬೇಸಿಗೆ ಕಳೆದವು. ಒಳ್ಳೇ ಮಳೆಯ ವರ್ಷಗಳು. ಗುಡಿಯ ಬಾಗಿಲು ಒಮ್ಮೆಯೂ ತೆರೆಯಲಿಲ್ಲ. ಕೆಳಗೆ ಕಬ್ಬು ಆಳೆತ್ತರ, ಪಟ್ಟಣದ ನಲ್ಲಿಗಳಲ್ಲಿ ದಿನಾ ನೀರು. ಊರೂರಲ್ಲಿ ಹಿಗ್ಗು. ಗೇನಬಾ ಒಬ್ಬನೇ ಬೆಳಿಗ್ಗೆ ದಂಡೆಗೆ ಹೋಗಿ, ನೀರು ಬೆರಳಿನಷ್ಟಾದರೂ ಇಳಿದಿದೆಯೇ ಅಂತ ನೋಡುತ್ತಾನೆ. ಲಕ್ಷ ಜನರ ಅನ್ನದ ನೀರು ಬತ್ತಲಿ ಅಂತ ಬಯಸಿದೆನಲ್ಲಾ ಅಂತ ಮನೆಗೆ ಬರುವಾಗ ಅದಕ್ಕೂ ನಾಚುತ್ತಾನೆ. ಪುಣೆಯಿಂದ ಯಾರಾದರೂ ಬಂದು ಮನೆ ಎಲ್ಲಿತ್ತು ಅಂತ ಕೇಳಿದರೆ, ಕೋಲು ಕಂಕುಳಲ್ಲಿ ಇಟ್ಟುಕೊಂಡು ಬೇರೆ ಕಡೆ ನೋಡುತ್ತಾನೆ.

ಈಗ ಅವನು ಸುತ್ತು ಹಾಕುವುದಿಲ್ಲ. ಡೇರಿಯಿಂದ ಬರುತ್ತ ತಾನುಬಾಯಿಯ ತಗಡಿನ ಮನೆಯ ಮುಂದೆ ನಿಂತು ಅರ್ಧ ಲೋಟ ಹಾಲು ಕೊಟ್ಟು ಹೋಗುತ್ತಾನೆ. ಅವಳು ಹಾಸಿಗೆ ಹಿಡಿದಿದ್ದಾಳೆ. ಹೆಜ್ಜೆ ಕೇಳಿದ ಕೂಡಲೇ ದಿನಾ ಒಂದೇ ಪ್ರಶ್ನೆ.

"ಎಷ್ಟೈತೋ ಗೇನಬಾ?"

"ತುಂಬೇತಿ, ತಾನಕ್ಕಾ."

"ಚಲೋ ಆತು," ಅನ್ನುತ್ತಾಳೆ ಅವಳು. "ನನ್ನ ಮಗಳ ಊರು ಕಾಲುವಿ ಬಾಲದಾಗ ಐತಿ. ಅಲ್ಲಿ ತನ ನೀರು ಹೋಕ್ಕೈತಿ."

ಗೇನಬಾ ಹೊರಗೆ ನಿಂತೇ ಕೈ ಚಾಚಿ ಲೋಟವನ್ನು ಅವಳ ಹಾಸಿಗೆಯ ಬದಿಗಿಡುತ್ತಾನೆ. ಆ ಮನೆಯ ಹೊಸ್ತಿಲು ದಾಟಲು ಅವನಿಗೆ ಇನ್ನೂ ಕಾಲು ಬಂದಿಲ್ಲ.